ನಲವತ್ತೊಂದು ಇಲ್ಲಗಳು

ಅರವತ್ತೆರಡನೆಯ ಪುಟದಲ್ಲಿ ಮರಗಳಿದ್ದವು. ನಕ್ಷೆಗಾರ ಅವನ್ನು ಬಹಳ ಮುತುವರ್ಜಿಯಿಂದ ನೆಟ್ಟಿದ್ದ. ಎರಡು ಸಾಲು, ಪ್ರತಿ ಮರದ ಬುಡಕ್ಕೂ ಒಂದು ದುಂಡನೆಯ ನೆರಳು, ನೆರಳಿನಲ್ಲಿ ಬೆಂಚು, ಬೆಂಚಿನ ಮೇಲೆ ಕಣ್ಣು ಮೂಗು ಬಿಡಿಸದ ಜನ. ಕಣ್ಣು ಮೂಗು ಇಲ್ಲದಿದ್ದರೂ ಅವರಲ್ಲಿ ಯಾರೂ ಮಾಸ್ಕ್ ಹಾಕಿಲ್ಲ ಎನ್ನುವುದು ಹೇಗೋ ಗೊತ್ತಾಗುತ್ತಿತ್ತು; ಇದು ಇಪ್ಪತ್ತು ವರ್ಷಗಳ ಆಚೆಯ ಚಿತ್ರ, ಅಷ್ಟು ಹೊತ್ತಿಗೆ ರೋಗ ಮುಗಿದಿರುತ್ತದೆ ಎಂದು ಕಚೇರಿಯಲ್ಲಿ ಎಲ್ಲರೂ ಒಪ್ಪಿಕೊಂಡಿದ್ದರು. ಮರಗಳ ತುದಿಯಲ್ಲಿ ಗಾಜಿನ ಕಟ್ಟಡ, ಅದರ ನೆತ್ತಿಯ ಮೇಲೆ 'ದುರಸ್ತಿ ಕಲಿಕಾ ಕೇಂದ್ರ' ಎಂಬ ಅಕ್ಷರ. ಅವಳು ಬೆಳಗಿನಿಂದ ಈ ಪುಟವನ್ನು ಹನ್ನೊಂದು ಸಲ ತೆರೆದು ನೋಡಿದ್ದಳು. ಪಕ್ಕದ ಕುರ್ಚಿಯ ಮೇಲೆ ಕೂರಬಾರದೆಂದು ಕೆಂಪು ಟೇಪು ಅಂಟಿಸಿದ್ದರಿಂದ ನಕ್ಷೆಗಾರ ಎರಡು ಕುರ್ಚಿ ಆಚೆಯಿಂದ ಕೂಗಿ ಮಾತಾಡುತ್ತಿದ್ದ. "ಮೇಡಂ, ಕೊಡೆ ಹಿಡಿದಿರೋ ಹೆಂಗಸು ನೀವೇ ರೀ. ಗಮನಿಸಿದ್ರಾ? ನಿಮ್ಮ ಹಾಗೇ ಕುತ್ತಿಗೆ ಬಗ್ಗಿಸಿ ನಡೀತಾಳೆ." ಅವಳು ನಕ್ಕಳು. ಮಾಸ್ಕಿನೊಳಗೆ ನಗು ಎಲ್ಲಿಗೂ ಹೋಗದೆ ಅಲ್ಲೇ ಬೆಚ್ಚಗೆ ಕೊಳೆಯಿತು. ಇಪ್ಪತ್ತು ವರ್ಷಗಳ ಆಚೆಯೂ ತಾನು ಕುತ್ತಿಗೆ ಬಗ್ಗಿಸಿ, ಅಣ್ಣನ ಅಂಗಡಿ ಇದ್ದ ಜಾಗದ ಮೇಲೆ, ಏನೂ ತುಳಿಯುತ್ತಿಲ್ಲವೇನೋ ಎನ್ನುವ ಹಾಗೆ ನಡೆಯುತ್ತಿರುತ್ತೇನೆ.

ಮೂರು ಗಂಟೆಗೆ ಸಭೆ, ಆರು ಗಂಟೆಗೆ 'ಸುಸ್ಥಿರ ನಾಳೆ' ಎಂಬ ಈ ನೂರಾ ನಲವತ್ತು ಪುಟಗಳು ಮೇಲಿನವರಿಗೆ ಹೋಗಿ ಸೇರಬೇಕು. ಹೋದರೆ ಕೆಲಸ ಕಳೆದುಕೊಂಡ ಬಸ್ಸಿನವರಿಗೆ, ತರಕಾರಿ ಗಾಡಿಯವರಿಗೆ, ಮುಚ್ಚಿದ ಕಾರ್ಖಾನೆಯ ಹೆಂಗಸರಿಗೆ ಏನಾದರೊಂದು ದಾರಿಯಾಗುತ್ತದೆ. ಹೋಗದಿದ್ದರೆ ಊರು ಇನ್ನೊಂದು ವರ್ಷ ಕಾಯಬೇಕು. ಇದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಸುಳ್ಳಿದ್ದದ್ದು ಅರವತ್ತೆರಡನೆಯ ಪುಟದಲ್ಲಿ ಮಾತ್ರ, ಅದನ್ನು ಬರೆದವಳು ತಾನು. ಮೂರನೆಯ ಅಧ್ಯಾಯವನ್ನೂ ಅವಳೇ ಬರೆದಿದ್ದಳು: ಎಸೆಯುವ ಊರಾಗಿ ಬದುಕಿದ್ದು ಸಾಕು, ಇನ್ನು ದುರಸ್ತಿ ಮಾಡುವ ಊರಾಗಬೇಕು, ಕೆಟ್ಟದ್ದನ್ನು ಸರಿಮಾಡುವ ಕೈಗಳೇ ಮುಂದಿನ ಆರ್ಥಿಕತೆಯ ಬೆನ್ನೆಲುಬು ಎಂದೆಲ್ಲ. ಆ ವಾಕ್ಯ ಬರೆಯುವಾಗ ಅಣ್ಣನ ಕೈಗಳೇ ಕಣ್ಣ ಮುಂದಿದ್ದವು, ವಾರ್ನಿಷಿನಿಂದ ಕಂದಾದ ಉಗುರು, ತಾಮ್ರದ ತಂತಿ ಎಳೆದೆಳೆದು ತೋರುಬೆರಳಿನಲ್ಲಿ ಬಿದ್ದ ಕಾಲುವೆಯಂಥ ಗೆರೆ. ನಿರ್ದೇಶಕರು ಓದಿ, "ಇಷ್ಟು ಜೀವ ಎಲ್ಲಿಂದ ತರ್ತೀರಮ್ಮಾ?" ಎಂದಿದ್ದರು. ಆಮೇಲೆ, ದುರಸ್ತಿಯವರಿಗೆ ಒಂದು ಕೇಂದ್ರ ಕಟ್ಟೋಣ, ಎಲ್ಲಿ ಜಾಗ ಇದೆ ಎಂದು ಹುಡುಕಿದಾಗ, ಅವಳದೇ ಅಂಗಡಿ ಸಮೀಕ್ಷೆಯ ಪಟ್ಟಿಯಿಂದ ಜಾಗ ಸಿಕ್ಕಿತು. ಊರಿನ ನಡುವೆ ಒಂದು ಓಣಿ. ನಲವತ್ತೊಂದು ಅಂಗಡಿ. ನಲವತ್ತೊಂದೂ ಸತ್ತಿವೆ.

ಸತ್ತಿವೆ ಎಂದು ಅವಳು ಬರೆದಿರಲಿಲ್ಲ. ಸಮೀಕ್ಷೆಯ ಪತ್ರಕದಲ್ಲಿ ಹಾಗೆ ಕೇಳಿಯೂ ಇರಲಿಲ್ಲ. 'ಭೇಟಿಯ ಸಮಯದಲ್ಲಿ ವ್ಯವಹಾರ ನಡೆಯುತ್ತಿತ್ತೇ? ಹೌದು / ಇಲ್ಲ.' ಇಡೀ ಊರಿಗೆ ಬೀಗ ಬಿದ್ದ ಮೂರನೆಯ ವಾರ ಅದು. ಮುಖದ ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು, ತನ್ನ ಉಸಿರಿನ ಮಂಜಿನೊಳಗಿಂದಲೇ ಓಣಿಯನ್ನು ನೋಡುತ್ತ ಅವಳು ಒಂದನೆಯ ಅಂಗಡಿಯಿಂದ ಶುರುಮಾಡಿದ್ದಳು. ಷಟರು, ಷಟರು, ಷಟರು. ಇಲ್ಲ, ಇಲ್ಲ, ಇಲ್ಲ. ಇದೇ ಓಣಿಯಲ್ಲಿ ಅವಳು ಬೆಳೆದದ್ದು. ಅಪ್ಪ ಹೋದ ಮೇಲೆ ಅಣ್ಣ ಹದಿನೆಂಟನೆಯ ಅಂಗಡಿಯಲ್ಲಿ ಸುಟ್ಟ ಫ್ಯಾನು, ಸುಟ್ಟ ಪಂಪುಗಳಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಕೆಲಸ ಮಾಡುತ್ತ ಅವಳನ್ನು ಓದಿಸಿದ್ದ. ಒಂದು ಫ್ಯಾನಿನ ಒಂದು ಸುರುಳಿಗೆ ಮುನ್ನೂರ ಎಂಬತ್ತು ಸುತ್ತು. ಯಂತ್ರದ ಎಣಿಕೆಯನ್ನು ಅಣ್ಣ ನಂಬುತ್ತಿರಲಿಲ್ಲ, ಬಾಯಿಬಿಟ್ಟು ಎಣಿಸುತ್ತಿದ್ದ. ಸುತ್ತು ಎಣಿಸುವವನನ್ನು ಯಾರೂ ಮಾತಾಡಿಸುವಂತಿಲ್ಲ. ಓಣಿಗೆಲ್ಲ ಗೊತ್ತಿದ್ದ ಕಟ್ಟಳೆ ಅದು. ಗಿರಾಕಿಗಳು ಬಂದು ಸುಮ್ಮನೆ ನಿಲ್ಲುತ್ತಿದ್ದರು. ಶಾಲೆಯಿಂದ ಮೊಣಕಾಲು ಒಡೆದುಕೊಂಡು ಬಂದ ದಿನ ಅವಳು ರಕ್ತ ಒತ್ತಿ ಹಿಡಿದು, ಇನ್ನೂರರಿಂದ ಮುನ್ನೂರ ಎಂಬತ್ತರವರೆಗೆ ಅಳು ನುಂಗಿ ನಿಂತಿದ್ದಳು, ಅಣ್ಣ ಕೊನೆಯ ಸುತ್ತು ಮುಗಿಸಿ ತಲೆಯೆತ್ತಿದ ಮೇಲಷ್ಟೇ ಬಾಯಿ ತೆರೆದಿದ್ದಳು. ಆದರೆ ಎಣಿಸುವವನು ಬೇಕಾದರೆ ಮಾತಾಡಬಹುದಿತ್ತು, ಅದು ಅಣ್ಣನಿಗೆ ಸಿದ್ಧಿಸಿದ ವಿದ್ಯೆ. ಪತ್ರಕ ತುಂಬಿದ ಆ ದಿನ ಹದಿನೆಂಟರ ಷಟರು ನೆಲಕ್ಕೆ ಒಂದು ಗೇಣು ಬಿಟ್ಟು ನಿಂತಿತ್ತು. ಒಳಗಿಂದ ಸಣ್ಣ ದನಿ: ಇನ್ನೂರ ಹನ್ನೆರಡು, ಇನ್ನೂರ ಹದಿಮೂರು. ಅವಳ ಚಪ್ಪಲಿಯ ಗುರುತು ಹಿಡಿದು ದನಿ ಅದೇ ಲಯದಲ್ಲಿ ಹೇಳಿತು, "ಇನ್ನೂರ ಹದಿನಾಲ್ಕು, ಮುಚ್ಚಿದೆ ಅಂತ ಬರ್ಕೊ ಪುಟ್ಟಿ, ಇನ್ನೂರ ಹದಿನೈದು." ಹೌದು ಎಂದು ಬರೆದಿದ್ದರೆ ಸಂಜೆಯೊಳಗೆ ಅಂಗಡಿಗೆ ಮೊಹರು ಬೀಳುತ್ತಿತ್ತು. ಅವಳು ಇಲ್ಲ ಎಂದು ಗುರುತು ಹಾಕಿದಳು. ಒಳ್ಳೆಯ ತಂಗಿಯ ಹಾಗೆ. ಅಷ್ಟೇ ಆಗಿದ್ದರೆ ಈ ಮೂರು ತಿಂಗಳು ಅವಳಿಗೆ ನಿದ್ದೆ ಬರುತ್ತಿತ್ತು. ಹದಿನೇಳರ ಮುಂದೆ ಎಷ್ಟು ಹೊತ್ತು ನಿಂತಿದ್ದೆ? ಎರಡು ಉಸಿರಿನಷ್ಟು. ಮೂರಿದ್ದರೂ ಇರಬಹುದು. ಅವಳು ಪುಟ ಮುಚ್ಚಿದಳು.

"ಊಟಕ್ಕೆ ಹೊರಗೆ ಹೋಗ್ತೀರಾ? ಬಿಸಿ ನೋಡ್ದೆ ವಾಪಸ್ ಬಿಡಲ್ಲ," ಎಂದು ಬಾಗಿಲ ಕಾವಲಿನವನು ಜ್ವರದ ಪಿಸ್ತೂಲನ್ನು ಎತ್ತಿ ತೋರಿಸಿದ. ಅವಳು ನಡೆದೇ ಹೋದಳು. ಕಚೇರಿಗಳು ಅರ್ಧ ತೆರೆದಿದ್ದವು, ಔಷಧದ ಅಂಗಡಿ, ಹಾಲಿನ ಅಂಗಡಿ ತೆರೆದಿದ್ದವು. ತೆರೆಯಬಹುದಾದವರ ಪಟ್ಟಿ ಪ್ರತಿ ವಾರ ಬರುತ್ತಿತ್ತು, ದುರಸ್ತಿಯವರು ಅದರಲ್ಲಿ ಇನ್ನೂ ಬಂದಿರಲಿಲ್ಲ. ಓಣಿ ಮೂರು ತಿಂಗಳ ಹಿಂದೆ ಇದ್ದ ಹಾಗೇ ಇತ್ತು, ನಡುವೆ ಹುಲ್ಲು ಬಂದಿತ್ತು ಅಷ್ಟೆ. ಹದಿನೇಳರ ಷಟರಿನ ಮೇಲೆ ಆಸ್ಪತ್ರೆಯವರು ಅಂಟಿಸಿದ್ದ ಹಳದಿ ಚೀಟಿ ಬಿಸಿಲಿಗೆ ಬೆಳ್ಳಗಾಗಿತ್ತು. ಗಡಿಯಾರ ಮಾಮನ ಅಂಗಡಿ. ಊರಿನ ಗಡಿಯಾರಗಳನ್ನೆಲ್ಲ ಸರಿಮಾಡುತ್ತ ತಾನು ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯದವನು. ಅವನ ಗೋಡೆಯ ಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ಹೊಡೆಯುತ್ತಿದ್ದವು, ಕೇಳಿದರೆ, "ಯಾವುದು ಬೇಕೋ ಅದನ್ನ ಆರಿಸ್ಕೋ ಮಗಳೇ, ನನ್ನ ಹತ್ರ ಹೊತ್ತಿಗೇನು ಬರವಿಲ್ಲ," ಎನ್ನುತ್ತಿದ್ದ. ಅವಳು ಅಲ್ಲಿ ನಿಲ್ಲದೆ ಪಕ್ಕದ ಷಟರನ್ನು ತುಸು ಎತ್ತಿ ಬಗ್ಗಿ ಒಳಗೆ ನುಸುಳಿದಳು.

ಅಣ್ಣ ಎಣಿಸುತ್ತಿದ್ದ. ನೂರ ಅರವತ್ತು. ಮೇಜಿನ ಮೇಲೆ ಬಿಚ್ಚಿ ಹರವಿದ್ದ ಫ್ಯಾನು ಆಸ್ಪತ್ರೆಯ ವಾರ್ಡಿನದು ಎಂದು ಅದರ ರೆಕ್ಕೆಯ ಮೇಲಿನ ಅಂಕಿಯಿಂದ ಗೊತ್ತಾಗುತ್ತಿತ್ತು. ಹಗಲು ಪಟ್ಟಿ ಹೊರಡಿಸುವವರೇ ಹಿಂಬಾಗಿಲಿನಿಂದ ಫ್ಯಾನು ಕಳಿಸುತ್ತಿದ್ದರು. ಮೂಲೆಯಲ್ಲಿ ಅತ್ತಿಗೆ ಸುಟ್ಟ ತಂತಿಯ ತುಂಡುಗಳನ್ನು ಆರಿಸುತ್ತ ಕೂತಿದ್ದಳು, ಅವಳನ್ನು ಕಂಡು ತುಟಿಯ ಮೇಲೆ ಬೆರಳಿಟ್ಟು ಸ್ಟೂಲು ತೋರಿಸಿದಳು. ಅವಳು ಕೂತಳು. ನೂರ ಎಪ್ಪತ್ತು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು: ಓಣಿ ಹೋಗುತ್ತೆ ಅಣ್ಣಾ, ನಾನು ಬರೆದ ಇಲ್ಲದಿಂದಲೇ ಹೋಗುತ್ತೆ, ಮೂರು ಗಂಟೆಗೆ ಎದ್ದು ನಿಂತು ಸುಳ್ಳು ಬರೆದೆ ಅಂದ್ರೆ ನಿಮ್ಮೆಲ್ಲರ ಮೇಲೂ ಕೇಸು ಬೀಳುತ್ತೆ, ಹೇಳು, ಏನು ಮಾಡ್ಲಿ? ಮೊಣಕಾಲಿನ ರಕ್ತ ಒತ್ತಿ ಹಿಡಿದ ಹಾಗೆ ಅದನ್ನು ಹಿಡಿದುಕೊಂಡು ಕೂತಳು. ಗೋಡೆಯಾಚೆ ಏನೋ ಟಿಕ್ ಎನ್ನುತ್ತಿತ್ತು. ಎರಡು ಟಿಕ್, ಒಂದಕ್ಕೊಂದು ಹೊಂದದೆ. ಮಾಮನ ಸೆಲ್ಲಿನ ಗಡಿಯಾರಗಳನ್ನು ಯಾರೂ ಹೋಗಿ ನಿಲ್ಲಿಸಿರಲಿಲ್ಲ. ಇನ್ನೂರ ಮೂವತ್ತು. ಅವಳಿಗೆ ತನ್ನ ಬಾಯಿ ತೆರೆದದ್ದು ಗೊತ್ತಾಗಲಿಲ್ಲ.

"ನಾನು ಮಾಮನ ಕೆಮ್ಮು ಕೇಳಿಸ್ಕೊಂಡಿದ್ದೆ."

ಯಂತ್ರದ ಹಿಡಿಕೆ ಅರ್ಧ ಸುತ್ತಿನಲ್ಲಿ ನಿಂತಿತು. ಅತ್ತಿಗೆಯ ಕೈಯಿಂದ ತಂತಿ ಜಾರಿತು.

"ಯಾವತ್ತು?" ಎಂದ ಅಣ್ಣ.

"ಪತ್ರಕ ತುಂಬಿದ ದಿನ. ಒಳಗಿದ್ದ. ಮೂರು ಸಲ ಕೆಮ್ಮಿದ, ನನ್ನ ಹೆಜ್ಜೆ ಕೇಳಿ ಬಾಯಿಗೆ ಬಟ್ಟೆ ಅದುಮಿಕೊಂಡ. ಅದು ಕೂಡ ಕೇಳಿಸ್ತು. ನಾನು ಇಲ್ಲ ಅಂತ ಬರ್ದು ಮುಂದೆ ಬಂದೆ. ಹೌದು ಅಂತ ಬರ್ದಿದ್ರೆ ಸಂಜೆ ಅವರು ಬರೋರು, ಅವನನ್ನ ಕರ್ಕೊಂಡು ಹೋಗೋರು. ಅವನು ಸಾಯೋಕೆ ಇನ್ನೂ ಹನ್ನೊಂದು ದಿನ ಇತ್ತು ಅಣ್ಣಾ. ಹನ್ನೊಂದು ದಿನ."

ಅಣ್ಣ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವನು ತಂತಿಯ ತುದಿ ಹುಡುಕಿ, ಸುತ್ತಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದ. "ಗೋಡೆ ಒಂದೇ," ಎಂದ. "ನನಗೆ ದಿನಾ ಕೇಳಿಸ್ತಿತ್ತು. ಶುಂಠಿ ಹಾಕಿ ಟೀ ಕುಡಿಯೋ ಮಾರಾಯ ಅಂತಿದ್ದೆ. ಅವನು, ಇದು ಧೂಳಿನ ಕೆಮ್ಮು, ನಿನ್ನ ವಾರ್ನಿಷ್ ಹೊಗೆ ಬಂದು ಹೀಗಾಯ್ತು, ಖರ್ಚು ನೀನೇ ಕೊಡು ಅಂತಿದ್ದ." ಅವನಿಗೆ ನಗು ಬಂದು ಅರ್ಧದಲ್ಲಿ ಕೆಟ್ಟುಹೋಯಿತು. "ಬಾಯಿ ಮುಚ್ಕೊಂಡಿದ್ದು ನೀನೊಬ್ಳೇ ಅಲ್ಲ ಪುಟ್ಟಿ. ಸುದ್ದಿ ಹೊರಗೆ ಹೋದ್ರೆ ಓಣಿಗೇ ಮೊಹರು ಅಂತ ನಾವೆಲ್ಲ ಮುಚ್ಕೊಂಡ್ವಿ."

ಅವಳು ಉಳಿದದ್ದನ್ನೂ ಹೇಳಿದಳು. ಮರ, ಬೆಂಚು, ಗಾಜಿನ ಕಟ್ಟಡ. ದುರಸ್ತಿ ಕಲಿಸುತ್ತಾರೆ ಎಂದಾಗ ಅತ್ತಿಗೆ, "ಯಾರು ಕಲಿಸೋದು? ಮರಗಳಾ?" ಎಂದಳು. ಅಣ್ಣ ಮಾತ್ರ ಬಿಚ್ಚುತ್ತಲೇ ಇದ್ದ. ಏನು ಮಾಡ್ಲಿ ಎಂದು ಅವಳು ಕೇಳಿದಳು. "ನನ್ನ ತಂಗಿ ಊರನ್ನೇ ಎಣಿಸ್ತಾಳೆ ಅಂತ ಬಂದೋರ ಮುಂದೆಲ್ಲ ಹೇಳ್ಕೊಂಡು ತಿರುಗಿದೀನಿ," ಎಂದಷ್ಟೇ ಹೇಳಿದ. ಆಮೇಲೆ, ಅವಳ ಕಡೆ ನೋಡದೆ, "ಎಣಿಕೆ ತಪ್ಪಿದ ಮೇಲೆ ಸುಮಾರು ಇಷ್ಟಾಗಿರಬಹುದು ಅಂತ ಮುಂದುವರಿಸಿದ ಫ್ಯಾನು ತಿರುಗುತ್ತೆ, ಯಾಕೆ ತಿರುಗಲ್ಲ? ಎರಡು ತಿಂಗಳು ತಿರುಗುತ್ತೆ. ಆಮೇಲೆ ಯಾರದೋ ತಲೆ ಮೇಲೆ ಸುಟ್ಟು ಹೊಗೆ ಬರುತ್ತೆ," ಎಂದು ಗೊಣಗಿದ. ಅದು ಅವಳಿಗೆ ಹೇಳಿದ್ದೋ, ಮೇಜಿನ ಮೇಲಿದ್ದ ಫ್ಯಾನಿಗೆ ಹೇಳಿದ್ದೋ.

ಸಭೆಯ ಕೋಣೆಯಲ್ಲಿ ಕುರ್ಚಿಗಳು ಪರೀಕ್ಷೆಗೆ ಹಾಕಿದ ಹಾಗೆ ದೂರ ದೂರ ಇದ್ದವು. ಕಿಟಕಿಗಳನ್ನೆಲ್ಲ ತೆರೆದಿದ್ದರಿಂದ ಹಾಳೆಗಳು ಹಾರುತ್ತಿದ್ದವು, ಪ್ರತಿಯೊಬ್ಬರೂ ಒಂದೊಂದು ಭಾರ ಇಟ್ಟುಕೊಂಡಿದ್ದರು. ನಕ್ಷೆಗಾರ ತನ್ನ ಊಟದ ಡಬ್ಬಿಯನ್ನು, ಅವಳು ಸ್ಯಾನಿಟೈಸರ್ ಬಾಟಲಿಯನ್ನು. ನಿರ್ದೇಶಕರು ಮೂರು ರಾತ್ರಿ ಮಲಗಿರದ ಮನುಷ್ಯ. ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾರೆಂದು, ಬಹುಶಃ ಅಂಥದೇ ಒಂದು ವಾರ್ಡಿನಲ್ಲಿ, ಅಂಥದೇ ಒಂದು ಫ್ಯಾನಿನ ಕೆಳಗೆ ಇದ್ದಾರೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಅವರು ಒಂದೊಂದೇ ಪುಟ ತಿರುವಿ, "ಸರೀನಾ? ಸರಿ," ಎಂದು ಮುಂದೆ ಹೋಗುತ್ತಿದ್ದರು. ಐವತ್ತೆಂಟು, ಸರಿ. ಐವತ್ತೊಂಬತ್ತು, ಸರಿ. ಅವಳಿಗೆ ಅದು ಎಣಿಕೆಯ ಹಾಗೆ ಕೇಳತೊಡಗಿತು. ಎಣಿಸುವವನನ್ನು ಮಾತಾಡಿಸಬಾರದು. ಅರವತ್ತು. ಮೈಯೆಲ್ಲ ಆ ಹಳೆಯ ಕಟ್ಟಳೆಗೆ ಬಗ್ಗಿ ಕೂತಿತ್ತು, ನಾಲಿಗೆ ಹಲ್ಲಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿತ್ತು. "ಅರವತ್ತೆರಡು. ಇದೊಂದು ಪುಟ ನೋಡಿದ್ರೆ ನನಗೆ ಉಸಿರು ಬರುತ್ತೆ. ಇಡೀ ಯೋಜನೆಯಲ್ಲಿ ಯಾರಿಗೂ ತೊಂದರೆ ಆಗದ ಪುಟ ಅಂದ್ರೆ ಇದು," ಎಂದು ನಿರ್ದೇಶಕರು ಅವಳ ಕಡೆ ತಿರುಗಿ ತಲೆದೂಗಿದರು. ಅವಳು ಎದ್ದು ನಿಂತಳು. ಬಾಟಲಿ ಉರುಳಿತು, ಹಾಳೆಗಳು ನೆಲದ ತುಂಬ ಹಾರಿದವು.

"ಏನಮ್ಮಾ?"

"ಅರವತ್ತೆರಡು ತಪ್ಪು ಸರ್."

"ಎಲ್ಲಿ? ಅಚ್ಚಿನ ತಪ್ಪಾ?"

"ಅಲ್ಲ ಸರ್. ಅಲ್ಲಿ ಜನ ಇದ್ದಾರೆ."

"ಇದ್ದಾರಲ್ಲ, ಬೆಂಚಿನ ಮೇಲೆ," ಎಂದ ನಕ್ಷೆಗಾರ. ಒಂದಿಬ್ಬರು ನಕ್ಕರು. ಅವಳು ಮಾತಾಡಿದಳು. ತನ್ನ ದನಿ ಮಾಸ್ಕಿನ ಬಟ್ಟೆಯಲ್ಲಿ ಸಿಕ್ಕಿ ಇನ್ನೊಬ್ಬರ ದನಿಯ ಹಾಗೆ ಹೊರಬರುತ್ತಿತ್ತು: ಅಂಗಡಿಗಳು ಮುಚ್ಚಿರಲಿಲ್ಲ, ಷಟರಿನ ಹಿಂದೆ ಕೆಲಸ ನಡೆಯುತ್ತಿತ್ತು, ನಾನು ಗೊತ್ತಿದ್ದೂ ಇಲ್ಲ ಎಂದು ಬರೆದೆ. ನಗು ಎಲ್ಲಿತ್ತೋ ಅಲ್ಲೇ ನಿಂತಿತು. ನಿರ್ದೇಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಅಂಗಡಿಯಲ್ಲಿ ಕೇಳಿಸ್ತು?"

ಅವಳು ಈ ಪ್ರಶ್ನೆಯನ್ನು ಊಹಿಸಿರಲಿಲ್ಲ. ನಲವತ್ತೊಂದು ಎನ್ನಲು ಬಾಯಿ ತೆರೆದಳು, ಅದು ಬರಲಿಲ್ಲ. ಆ ದಿನ ಅವಳು ಕಿವಿಗೊಟ್ಟದ್ದು ತನಗೆ ಬೇಕಾದ ಜಾಗದಲ್ಲಿ ಮಾತ್ರ. ಉಳಿದ ಷಟರುಗಳ ಹಿಂದೆ ಏನಿತ್ತೋ, ಯಾರಿದ್ದರೋ, ಅವಳು ನಿಂತೇ ಇರಲಿಲ್ಲ, ನಡೆಯುತ್ತ ನಡೆಯುತ್ತ ಗೀಚಿದ್ದಳು.

"ಎರಡು," ಎಂದಳು. "ಒಂದು ನನ್ನ ಅಣ್ಣಂದು. ಇನ್ನೊಬ್ಬರು ತೀರಿಕೊಂಡ್ರು."

"ಅಣ್ಣಂದು," ಎಂದು ನಿರ್ದೇಶಕರು ಮೆಲ್ಲಗೆ ಅಂದರು, ಆ ಒಂದು ಪದದಲ್ಲಿ ಅವಳ ಮೂರನೆಯ ಅಧ್ಯಾಯ, ಅದರ ಜೀವ, ಎಲ್ಲವೂ ಸ್ವಂತ ಮನೆಯ ಲಾಭದ ಮಾತಾಗಿ ಮುದುರಿದ್ದನ್ನು ಅವಳು ಕಂಡಳು. ಆಮೇಲೆ ಅವರು ಬಹಳ ಆಯಾಸದಿಂದ, ಕೆಟ್ಟವರಾಗದೆ, ಹೇಳಿದರು. ಆರು ಗಂಟೆಗೆ ಇದು ಹೋಗಲೇಬೇಕು, ಇದರಲ್ಲಿ ಎಂಟು ಸಾವಿರ ಜನರ ಕೆಲಸವಿದೆ, ಒಂದು ಓಣಿಗೋಸ್ಕರ ನಿಲ್ಲಿಸಲಾರೆ. ಆರರೊಳಗೆ ಹೊಸ ಪತ್ರಕ ತಂದರೆ ಪುಟ ತೆಗೆಯುತ್ತೇನೆ. ಆ ದಿನವೂ ಕೆಲಸ ಮಾಡುತ್ತಿದ್ದೆವು, ಈಗಲೂ ಮಾಡುತ್ತಿದ್ದೇವೆ ಎಂದು ಒಬ್ಬೊಬ್ಬರೂ ಬರೆದು ಸಹಿ ಹಾಕಬೇಕು. "ಸಹಿ ಹಾಕಿದವರ ಮೇಲೆ ನಾಳೆ ಏನು ಬರುತ್ತೋ ಅದು ನನ್ನ ಕೈಯಲ್ಲಿಲ್ಲ. ನಿಮ್ಮ ವಿಷಯಾನೂ ಅಷ್ಟೇ." ಬದುಕಿದ್ದೇವೆ ಎಂದು ತೋರಿಸಲು ತಪ್ಪೊಪ್ಪಿಕೊಳ್ಳಬೇಕು. ಅವಳು ನಲವತ್ತೊಂದು ಖಾಲಿ ಹಾಳೆಗಳನ್ನು ಎಣಿಸಿಕೊಂಡಳು. ನಕ್ಷೆಗಾರ ತಲೆ ತಗ್ಗಿಸಿ, ಡಬ್ಬಿಯ ಕೆಳಗಿಂದ ಅರವತ್ತೆರಡನೆಯ ಪುಟವನ್ನು ಎಳೆದು ಕೊಡೆಯ ಹೆಂಗಸನ್ನೇ ನೋಡುತ್ತಿದ್ದ.

ಓಣಿ ತಲುಪಿದಾಗ ಐದು ಹೊಡೆದಿತ್ತು. ಈ ಸಲ ಅವಳು ಒಂದನೆಯ ಷಟರಿಗೆ ನಿಜವಾಗಿ ಕಿವಿಯಿಟ್ಟಳು. ಒಳಗೆ ಯಾವುದೋ ಸಣ್ಣ ಸುತ್ತಿಗೆ. ತಟ್ಟಿದಳು, ಸುತ್ತಿಗೆ ನಿಂತಿತು. "ನಾನು, ವೈಂಡಿಂಗ್ ಅವರ ತಂಗಿ," ಎಂದಳು. ಉತ್ತರವಿಲ್ಲ. ಎರಡರಲ್ಲಿ ಹೊಲಿಗೆ ಯಂತ್ರ ನಿಂತಿತು, ಐದರಲ್ಲಿ ರೇಡಿಯೋದ ಕರಕರ ನಿಂತಿತು. ಅವಳ ಮುಂದೆ ಮುಂದೆ ಮೌನವೇ ಬಾಗಿಲು ಹಾಕಿಕೊಂಡು ಹೋಗುತ್ತಿತ್ತು. ಪಟ್ಟಿಯವಳು ಬಂದಳು ಎಂದು ಗೋಡೆಯಿಂದ ಗೋಡೆಗೆ ಯಾರೋ ಹೇಳುತ್ತಿರಬೇಕು. ಮೂರು ತಿಂಗಳ ಹಿಂದೆ ಅವಳು ಕೇಳದೆ ಬರೆದ ಇಲ್ಲಗಳು ಈಗ ಒಂದೊಂದಾಗಿ ನಿಜವಾಗುತ್ತಿದ್ದವು. ಹದಿನಾರು, ಹದಿನೇಳು. ಹದಿನೆಂಟರ ಷಟರು ಪೂರ್ತಿ ಮೇಲೆದ್ದಿತ್ತು. ಬಿಸಿಲು ಒಳಗಿನ ಮೇಜಿನವರೆಗೂ ಬಂದಿತ್ತು. ಅಣ್ಣ ಬೀದಿಗೆ ಮುಖಮಾಡಿ, ಓಣಿಗೆಲ್ಲ ಕೇಳುವ ದನಿಯಲ್ಲಿ ಎಣಿಸುತ್ತಿದ್ದ. "ಮುನ್ನೂರ ನಲವತ್ತಾರು, ಕೂತ್ಕೋ, ಮುನ್ನೂರ ನಲವತ್ತೇಳು." ಅವಳು ಕೂತಳು. ಐದು ಇಪ್ಪತ್ತು. ತೊಡೆಯ ಮೇಲಿನ ಹಾಳೆಗಳು ಬೆವರಿಗೆ ಅಂಟಿಕೊಳ್ಳುತ್ತಿದ್ದವು. ಮುನ್ನೂರ ಅರವತ್ತು. ಅವಳು ತುಟಿ ಕಚ್ಚಿದಳು. ಮುನ್ನೂರ ಎಪ್ಪತ್ತೊಂಬತ್ತು, ಎಂಬತ್ತು. ಅಣ್ಣ ತಂತಿ ಕತ್ತರಿಸಿ, ಕೈಯನ್ನು ಅಂಗಿಗೆ ಒರಸಿ ಚಾಚಿದ.

ಅವನು ಹಾಳೆಯನ್ನು ಓದಲಿಲ್ಲ. ಹೌದು ಎಂಬಲ್ಲಿ ಗುರುತು ಹಾಕಿ, ಒತ್ತಿ ಸಹಿ ಮಾಡಿದ. ಆಮೇಲೆ ಕಟ್ಟಿನಿಂದ ಹದಿನೇಳನೆಯದನ್ನು ತಾನೇ ಎಳೆದು ಅವಳ ಮುಂದಿಟ್ಟ. "ಇದನ್ನ ನೀನು ಹಾಕು."

"ಅಣ್ಣಾ, ಇದಕ್ಕೆ ಅವರೇ ಸಹಿ..."

"ಅವತ್ತು ಅವನು ಒಳಗಿದ್ನಾ, ಇಲ್ವಾ?"

ಅವಳು ಪೆನ್ನು ತೆಗೆದುಕೊಂಡಳು. ಭೇಟಿಯ ಸಮಯದಲ್ಲಿ ವ್ಯವಹಾರ ನಡೆಯುತ್ತಿತ್ತೇ. ಮೂರು ಕೆಮ್ಮು, ಬಾಯಿಗೆ ಬಟ್ಟೆ. ಹೌದು. ಕೆಳಗೆ ತನ್ನ ಹೆಸರು ಬರೆದು, ಕೇಳಿಸಿಕೊಂಡವಳು ಎಂದು ಸೇರಿಸಿದಳು. ಅಕ್ಷರಗಳು ಬೇರೆ ಯಾರದೋ ಕೈಯ ಹಾಗೆ ವಕ್ರವಾದವು. ಆ ಕ್ಷಣಕ್ಕೆ ಗೋಡೆಯಾಚೆ ಗಡಿಯಾರ ಹೊಡೆಯತೊಡಗಿತು. ಒಂದು, ಎರಡು. ಆರು ಹೊಡೆದು ನಿಂತಾಗ ಎದ್ದೇಬಿಟ್ಟಿದ್ದಳು, ಹಾಳೆಗಳನ್ನು ಎದೆಗೊತ್ತಿಕೊಂಡು, ಎರಡೇ ಎರಡು ತುಂಬಿದ ಹಾಳೆ.

"ಅದು ಅವನ ಆರು," ಎಂದ ಅಣ್ಣ. ಅವನ ಕಣ್ಣು ಕೆಂಪಾಗಿತ್ತು. "ನಮಗಿನ್ನೂ ಹೊತ್ತಿದೆ. ನಡಿ."

ಇಬ್ಬರೂ ಹೊರಬಂದರು. ಹತ್ತೊಂಬತ್ತರ ಒಳಗೆ ಕಬ್ಬಿಣಕ್ಕೆ ಅರ ಉಜ್ಜುವ ಸದ್ದು ಕೇಳುತ್ತಿತ್ತು. ಅಣ್ಣ ಷಟರು ತಟ್ಟಲು ಕೈಯೆತ್ತಿದ. ಸದ್ದು ನಿಂತಿತು.